ಕಂಸಾಳೆಯ ನಾದ

ನಮ್ಮೂರಾದ ಕೌದಳ್ಳಿಯು ಹನೂರಿನಿಂದ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಹಾದಿಯಲ್ಲಿರುವುದನ್ನು ವಾಚಕರು ಬಲ್ಲರು. ಬೆಟ್ಟದ ಪರಿಷೆ ಬಂದಿತೆಂದರೆ ಇಲ್ಲಿ ಕಂಸಾಳೆಯ ನಾದಕ್ಕೆ ಬರವಿಲ್ಲ. ನಮ್ಮ ಅಣ್ಣನವರೂ ಕಂಸಾಳೆ ಹಿಡಿದು ಹಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನನಗುಳಿದುದು ಅವರ ಹಾಡಿನ ಒಂದು ಕ್ಯಾಸೆಟ್ಟು. ಅದನ್ನು ಕೇಳಲು ಉಳಿದುದು ೧೯೯೮ರಲ್ಲಿ ಕೊಂಡ ನನ್ನ ಕಾರು.

ಎರಡು ವರ್ಷಗಳಿಂದ ಹಾಡಿನ ದನಿಯು ಇದ್ದಂತೆಯೇ ಇದ್ದರೂ ಕಂಸಾಳೆಯ ಕಿಣಿನಾದ ಮಾತ್ರ ಮಂಕಾಗುತ್ತ ಬಂದಿತು. ಮುಪ್ಪಿನಲ್ಲಿ ಕಿವಿಗೆ ಮೊದಲು ತಪ್ಪುವುದು ಏರುದನಿಯ ನಾದವೇ ಎಂದು ಓದಿದ್ದೆನು. ನನ್ನ ಸರದಿ ಬಂದಿತೆಂದು ನಿಶ್ಚಯಿಸಿ, ಮನೆಯಲ್ಲಿ ಯಾರಿಗೂ ಹೇಳದೆ, ಗೆಳೆಯರ ಕೂಟವನ್ನೂ ಬಿಟ್ಟು ಸುಮ್ಮನಾದೆನು.

ಮೊನ್ನೆ ಕ್ಯಾಸೆಟ್ಟು ಸಿಕ್ಕಿಕೊಂಡಿತು. ರೇಡಿಯೋ ರಿಪೇರಿ ಮಾಡುವ ತರುಣನೊಬ್ಬನು ಅದನ್ನು ಬಿಡಿಸಿ, ಮೇಲಿನ ಬರಹವನ್ನು ಓದಿ, ಸ್ವಲ್ಪ ಹೊತ್ತು ಆಲಿಸಿದನು. “ಮೇಷ್ಟ್ರೇ, ಕಂಸಾಳೆ ಅಂತ ಬರೆದಿದೆ, ತಾಳವೇ ಕೇಳಿಸ್ತಿಲ್ವಲ್ಲ?” ಎಂದನು. ಇಪ್ಪತ್ತರ ಕಿವಿಗೂ ಕೇಳದೆಂದ ಮೇಲೆ ನನ್ನ ಜೀವಕ್ಕೆ ಜೀವ ಬಂದಿತು!

ಕಾರಿನ ದೊಡ್ಡ ಸ್ಪೀಕರಿಗೆ ತಗ್ಗುದನಿ, ಪುಟ್ಟ ಟ್ವೀಟರಿಗೆ ಏರುದನಿ. ಹೀಗೆ ಪಾಲು ಮಾಡಿಕೊಡುವ ಪೆಟ್ಟಿಗೆಗೆ ಕ್ರಾಸೋವರ್ ಎಂದು ಹೆಸರು. ಅದರಲ್ಲಿನ ತಂತಿಸುರುಳಿಯು ಏರುದನಿಯನ್ನು ತಡೆಯುತ್ತದೆ. ಕೆಪಾಸಿಟರ್ ಎಂಬುದು ತಗ್ಗುದನಿಯನ್ನು ತಡೆಯುತ್ತದೆ. ನನ್ನ ಕಾರಿನ ಕೆಪಾಸಿಟರುಗಳಲ್ಲಿ ದ್ರವವಿದ್ದಿತು. ವರ್ಷಾನುಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನ ಕಾವಿಗೆ ಅದು ಆರಿಹೋಗಿದ್ದಿತು. ಎಡಬಲದ ಎರಡೂ ಒಂದೇ ವಯಸ್ಸಿನವು, ಒಟ್ಟಿಗೆ ಸೊರಗಿದ್ದುವು. ೧೦ ಮೈಕ್ರೋಫ್ಯಾರಡ್ ಎಂದು ಅಚ್ಚಾಗಿದ್ದುದು ಮೀಟರಿನಲ್ಲಿ ಎರಡೂವರೆಯಷ್ಟೇ ತೋರಿತು. ೪ ಓಮಿನ ಟ್ವೀಟರಿಗೆ ಸೆಕೆಂಡಿಗೆ ಸುಮಾರು ೪,೦೦೦ ಕಂಪನಗಳಿಂದ ತೆರೆಯಬೇಕಾದ ಬಾಗಿಲು ೧೬,೦೦೦ದವರೆಗೂ ಸರಿಯಾಗಿ ತೆರೆಯುತ್ತಿರಲಿಲ್ಲ. ಪಾಪ, ಕಂಸಾಳೆಯು ಹೊಸಲಿನ ಹೊರಗೇ ನಿಂತುಬಿಟ್ಟಿದ್ದಿತು.

ತರುಣನು ದ್ರವವಿಲ್ಲದ ಫಿಲ್ಮ್ ಕೆಪಾಸಿಟರುಗಳನ್ನು ತರಿಸಿ, ಹಳೆಯವನ್ನು ಕಿತ್ತು, ಅದೇ ಅಳತೆಯ ಹೊಸವನ್ನು ಬೆಸೆದನು. ಕ್ಯಾಸೆಟ್ಟು ತಿರುಗಿತು. ಅಣ್ಣನವರ ಕೈಯ ಕಂಚು ಝಣ್ಣೆಂದಿತು. ನಾನು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡೆನು.

ಆ ರಾತ್ರಿ ಮನೆಯಾಕೆಗೆ ಎರಡು ವರ್ಷಗಳ ಗುಟ್ಟನ್ನು ಬಿಚ್ಚಿಟ್ಟೆನು. ಆಕೆಯು ಎಲ್ಲವನ್ನೂ ಕೇಳಿ, “ಕಿವಿ ನೆಟ್ಟಗಿದ್ದರೆ, ನಾನು ಒಳಗಿನಿಂದ ಕೂಗಿದಾಗ ಓಗೊಡದೆ ಕೂತಿರುತ್ತಿದ್ದಿರಲ್ಲ, ಅದೇಕೆ?” ಎಂದಳು.

ಅದಕ್ಕೆ ಹಾಕುವ ಬೆಸುಗೆಯು ಆ ತರುಣನ ಬಳಿಯೂ ಇದ್ದಿರಲಾರದು.