ಅಮೀರರ ಹೆಸರು ಹೊತ್ತ ಅಮೇರಿಕದ ಪಟ್ಟಣ

ಅಮೇರಿಕದ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಮಿಸ್ಸಿಸ್ಸಿಪ್ಪಿ ನದಿಯ ಪಶ್ಚಿಮಕ್ಕೆ ಅಯೋವಾ ರಾಜ್ಯವಿದೆ. ಅದರ ಈಶಾನ್ಯ ಮೂಲೆಯಲ್ಲಿ, ಟರ್ಕಿ ಎಂಬ ನದಿಯ ದಡದಲ್ಲಿ ಎಲ್ಕೇಡರ್ ಎಂಬ ಪುಟ್ಟ ಪಟ್ಟಣ. 2020ರ ಜನಗಣತಿಯಂತೆ ಅಲ್ಲಿರುವುದು ಸುಮಾರು 1,200 ಮಂದಿ. ಆದರೂ ಅದು ಕ್ಲೇಟನ್ ಕೌಂಟಿಯ ಆಡಳಿತ ಕೇಂದ್ರ. ಕೌಂಟಿಯ ನ್ಯಾಯಾಲಯ ಅಲ್ಲೇ ಇದೆ. 1889ರಲ್ಲಿ ಕಟ್ಟಿದ ಎರಡು ಕಮಾನುಗಳ ಕಲ್ಲಿನ ಸೇತುವೆ ಇಂದಿಗೂ ಊರಿನ ಎರಡು ದಡಗಳನ್ನು ಜೋಡಿಸುತ್ತದೆ.

ಆ ಹೆಸರನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿ ನೋಡಿ. ಎಲ್ಲೋ ಕೇಳಿದಂತಿದೆಯಲ್ಲವೇ? ಹೌದು, ಅದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಡುವ ಅಬ್ದುಲ್ ಖಾದರ್ ಎಂಬ ಹೆಸರೇ!

1846ರಲ್ಲಿ ಟಿಮೊತಿ ಡೇವಿಸ್ ಎಂಬ ವಕೀಲರು ಇನ್ನಿಬ್ಬರೊಂದಿಗೆ ಸೇರಿ ಈ ಊರನ್ನು ಸ್ಥಾಪಿಸಿದರು. ಆಗ ಅಲ್ಜೀರಿಯದಲ್ಲಿ ಅಮೀರ್ ಅಬ್ದುಲ್ ಖಾದರ್ ಫ್ರೆಂಚ್ ಆಕ್ರಮಣದ ವಿರುದ್ಧ ಹೋರಾಡುತ್ತಿದ್ದರು. ಕಂಡರಿಯದ ಆ ವೀರನ ಹೆಸರನ್ನೇ ಡೇವಿಸ್ ತಮ್ಮ ಊರಿಗಿಟ್ಟರು.

ಮರುವರ್ಷವೇ, 1847ರ ಡಿಸೆಂಬರ್‌ನಲ್ಲಿ, ಅಮೀರರು ಶರಣಾಗಬೇಕಾಯಿತು. ಫ್ರಾನ್ಸ್ ಕೊಟ್ಟ ಮಾತು ತಪ್ಪಿ ಅವರನ್ನು 1852ರ ತನಕ ಸೆರೆಯಲ್ಲಿಟ್ಟಿತು. ಅವರ ವೃದ್ಧ ತಾಯಿ, ಮಡದಿ, ಮಕ್ಕಳು ಕೂಡಾ ಆ ಸೆರೆಯ ಕಷ್ಟ ಉಂಡರು. ಅಂಬ್ವಾಸ್ ಕೋಟೆಯ ತೋಟದಲ್ಲಿ ಅಲ್ಲೇ ಕೊನೆಯುಸಿರೆಳೆದ ಅವರ ಸಂಗಡಿಗರ ಗೋರಿಗಳು ಈಗಲೂ ಇವೆ.

ಇಷ್ಟೆಲ್ಲ ಅನುಭವಿಸಿದವರ ಮನಸ್ಸು ಕಹಿಯಾಗಬಹುದಿತ್ತು. ಆದರೆ 1860ರಲ್ಲಿ ದಮಾಸ್ಕಸ್‌ನಲ್ಲಿ ಕ್ರೈಸ್ತರ ಮೇಲೆ ದಾಳಿ ನಡೆದಾಗ ಅಮೀರರು ತಮ್ಮ ಮನೆಯ ಬಾಗಿಲು ತೆರೆದರು. ಸಾವಿರಾರು ಮಂದಿಯ ಪ್ರಾಣ ಉಳಿಯಿತು. ಅಮೇರಿಕದ ಅಧ್ಯಕ್ಷ ಲಿಂಕನ್ ಅವರಿಗೆ ಒಂದು ಜೊತೆ ಪಿಸ್ತೂಲುಗಳನ್ನು ಉಡುಗೊರೆಯಾಗಿ ಕಳುಹಿಸಿದರು. ಎಲ್ಕೇಡರ್ ಜನರು ಹೆಸರಿಟ್ಟದ್ದು ಒಬ್ಬ ಯೋಧನದ್ದು. ಹದಿನಾಲ್ಕು ವರ್ಷಗಳ ಬಳಿಕ ಅದು ನೆರೆಯವರ ರಕ್ಷಕನ ಹೆಸರೂ ಆಯಿತು.

ಸಂಬಂಧ ಅಲ್ಲಿಗೇ ಮುಗಿಯಲಿಲ್ಲ. ಅಮೀರರ ಹುಟ್ಟೂರಿನ ಸಮೀಪದ ಮಸ್ಕರಾ ನಗರವೂ ಎಲ್ಕೇಡರ್ ಪಟ್ಟಣವೂ 'ಸಹೋದರಿ ನಗರ'ಗಳಾದವು. 2008ರಲ್ಲಿ ಟರ್ಕಿ ನದಿ ಉಕ್ಕಿ ಹರಿದು ಊರು ಮುಳುಗಿದಾಗ ಅಲ್ಜೀರಿಯ ಸರಕಾರ 1,50,000 ಡಾಲರ್ ನೆರವು ಕಳುಹಿಸಿತು. ಅಮೀರರ ಬದುಕಿನ ಕುರಿತು ಅಮೇರಿಕದ ವಿದ್ಯಾರ್ಥಿಗಳಿಗಾಗಿ ಪ್ರಬಂಧ ಸ್ಪರ್ಧೆಗಳೂ ನಡೆದಿವೆ.

ಮಗುವಿಗೆ ಹೆಸರಿಡುವಾಗ ನಾವು ಅದರ ಅರ್ಥ ಹುಡುಕುತ್ತೇವೆ. ಆ ಹೆಸರಿಗೆ ತೂಕ ಬರುವುದು ಮಾತ್ರ ಅದನ್ನು ಹೊತ್ತವರ ನಡೆಯಿಂದ. ನಿಮ್ಮ ಮನೆಯಲ್ಲೂ ಒಬ್ಬ ಅಬ್ದುಲ್ ಖಾದರ್ ಇದ್ದರೆ ಇಂದು ರಾತ್ರಿ ಅವನಿಗೆ ಈ ಊರಿನ ಕಥೆ ಹೇಳಿ.