ಮರೀನಾ ಅನ್ನೋ ಚಕ್ಕಡಿ

ಸ್ಟೇಷನ್ ವ್ಯಾಗನ್ ಅಂದ್ರೆ ಏನು ಅಂತ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಯಾರನ್ನಾದ್ರೂ ಕೇಳಿ, ಹತ್ತರಲ್ಲಿ ಎಂಟು ಜನ ಮಾರುತಿ ವ್ಯಾಗನ್-ಆರ್ ಕಡೆ ಕೈ ತೋರಿಸ್ತಾರೆ. ಅದಲ್ಲ ಸ್ವಾಮಿ. ಸೆಡಾನ್ ಕಾರಿನ ಚಾವಣಿಯನ್ನ ಡಿಕ್ಕಿಯ ಕೊನೇ ತನಕ ಎಳೆದು, ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಇರೋ ಗೋಡೆ ಕಿತ್ತು, ಹಿಂದೆ ಮೇಲಕ್ಕೆ ಎತ್ತೋ ಒಂದು ಬಾಗಿಲು ಇಟ್ಟರೆ ಅದು ಸ್ಟೇಷನ್ ವ್ಯಾಗನ್. ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಅವರ ಟ್ರಂಕು ಪೆಟ್ಟಿಗೆಗಳನ್ನೂ ಒಟ್ಟಿಗೇ ಹೊರತಾ ಇದ್ದ ಗಾಡಿಗಳಿಂದ ಆ ಹೆಸರು ಬಂದದ್ದು.

ನಮ್ಮ ಕಡೆಯವರಿಗೆ ಇಷ್ಟು ಉದ್ದ ವಿವರಣೆ ಬೇಕಾಗೋದಿಲ್ಲ. "ಎಂಜಿನ್ ಇರೋ ಚಕ್ಕಡಿ" ಅಂದ್ರೆ ಸಾಕು. ಮುಂದೆ ಹೊಡೆಯೋನು, ನಡುವೆ ಮನೆಮಂದಿ, ಹಿಂದೆ ಚೀಲ.

ನಮ್ಮ ದೇಶದಲ್ಲಿ ಈ ಜಾತಿ ಬದುಕಲೇ ಇಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಹೋಯ್ತು. ಮಾರುತಿ ಬಲೆನೊ ಆಲ್ಟುರಾ, ಫಿಯೆಟ್ ಸಿಯೆನಾ ವೀಕೆಂಡ್, ಓಪೆಲ್ ಕೋರ್ಸಾ ಸ್ವಿಂಗ್ ಎಲ್ಲಾ ಬಂದವು, ಹೋದವು. ಅವುಗಳಲ್ಲಿ ಸಾಮಾನ್ಯ ಮನುಷ್ಯನ ಕೈಗೆ ಸ್ವಲ್ಪ ಎಟುಕುವಂತಿದ್ದದ್ದು 2004ರಲ್ಲಿ ಬಂದ ಟಾಟಾ ಇಂಡಿಗೋ ಮರೀನಾ. ಅದೂ ಹತ್ತು ವರ್ಷ ಬಾಳಲಿಲ್ಲ. ಆದ್ರೆ ಗದಗ ತಾಲೂಕಿನ ಅಂತೂರ ಬೆಂತೂರದ ನಮ್ಮ ಮನೆ ಮುಂದೆ ಒಂದು ಮರೀನಾ ಇವತ್ತಿಗೂ ನಿಂತಿದೆ. ಅದನ್ನ ಇಟ್ಕೊಳ್ಳೋದಾ, ಬಿಡೋದಾ ಅನ್ನೋ ಚರ್ಚೆ ಮನೇಲಿ ಮೂರು ತಿಂಗಳಿಂದ ನಡೀತಾ ಇದೆ. ಈ ಬರಹ ಆ ಚರ್ಚೆಯ ವರದಿ ಅಂದ್ಕೊಳ್ಳಿ :-)

ಮೊದಲು ಗಾಡಿಯ ವಂಶಾವಳಿ. 1998ರ ಕೊನೆಗೆ ಇಂಡಿಕಾ ಬಂತಲ್ಲ, ಅದಕ್ಕೆ ರತನ್ ಟಾಟಾ ಇಟ್ಟಿದ್ದ ಗುರಿ ಬಹಳ ಜನಕ್ಕೆ ಗೊತ್ತು: ಗಾತ್ರ ಮಾರುತಿ ಜೆನ್‌ನಷ್ಟು, ಒಳಗಿನ ಜಾಗ ಅಂಬಾಸಡರ್‌ನಷ್ಟು, ಬೆಲೆ ಮಾರುತಿ 800ರ ಹತ್ತಿರ, ಓಡೋದು ಡೀಸೆಲ್ ಖರ್ಚಿನಲ್ಲಿ. ನಾನು ಈವರೆಗೆ ಓದಿದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟುಗಳಲ್ಲೆಲ್ಲ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಅದೇ ಇಂಡಿಕಾದ ಎರಡು ಗಾಲಿಗಳ ನಡುವಿನ ಅಂತರವನ್ನ 2400 ಮಿಲಿಮೀಟರಿನಿಂದ 2450ಕ್ಕೆ ಎಳೆದು, ಡಿಕ್ಕಿ ಅಂಟಿಸಿದ್ದು ಇಂಡಿಗೋ. ಡಿಕ್ಕಿಯ ಜಾಗದಲ್ಲಿ ಗಾಜಿನ ಕೋಣೆ ಕಟ್ಟಿದ್ದು ಮರೀನಾ. ನಮ್ಮದು 2007ರ ಟರ್ಬೊ ಡೀಸೆಲ್, 1405 ಸಿಸಿ. ಅಪ್ಪ 2011ರಲ್ಲಿ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ.

ಆಗ ನಾನು ಹೈಸ್ಕೂಲು. ಗಾಡಿ ಊರಿಗೆ ಬಂದ ದಿನ ಅಗಸಿ ಹತ್ರ ಕೂತ ಹಿರಿಯರು ಒಂದು ಸುತ್ತು ಹಾಕಿ ನೋಡಿ ಹೇಳಿದ ಮಾತು ಇನ್ನೂ ನೆನಪಿದೆ: "ಮುಂದ ಕಾರ್ ಐತಿ, ಹಿಂದ ಟಂಟಂ ಐತಿ. ಇದಕ್ಕ ಏನಂತ ಕರೀಬೇಕಲೇ?" ಇಡೀ ದೇಶ ಕೇಳಿದ್ದೂ ಅದೇ ಪ್ರಶ್ನೆಯೇ. ಸೆಡಾನ್‌ಗಿಂತ ಜಾಸ್ತಿ ದುಡ್ಡು ಕೊಟ್ಟು, ನೋಡೋಕೆ ಆಂಬುಲೆನ್ಸ್ ಥರ ಇರೋ ಗಾಡಿ ಯಾಕೆ ತಗೋಬೇಕು? ಬೀಗರ ಮನೆ ಮುಂದೆ ನಿಲ್ಲಿಸಿದ್ರೆ ಡಿಕ್ಕಿ ಎದ್ದು ಕಾಣಬೇಕು. ಕಾರು ಅಂದ್ರೆ ಡಿಕ್ಕಿ, ಡಿಕ್ಕಿ ಅಂದ್ರೆ ಮರ್ಯಾದೆ!

ಹೊಸದರಲ್ಲಿ ಯಾರಿಗೂ ಬೇಡ ಆಗಿದ್ದಕ್ಕೇ ಹಳೇದು ಅಪ್ಪನಿಗೆ ಅಗ್ಗಕ್ಕೆ ಸಿಕ್ತು. ಅಪ್ಪ ನೋಡಿದ್ದು ಹಿಂದಿನ ಬಾಗಿಲು ಒಂದೇ. ಎತ್ತಿದ, ಒಳಗೆ ಬಗ್ಗಿ ಗೇಣು ಹಾಕಿ ಅಳೆದ, "ಬರೋಬ್ಬರಿ ಐತಿ" ಅಂದ. ಓಡಿಸಿ ನೋಡೋ ಶಾಸ್ತ್ರ ಆಮೇಲೆ.

ಈ ಹದಿನಾಲ್ಕು ವರ್ಷದಲ್ಲಿ ಆ ಬೆನ್ನಿನಲ್ಲಿ ಏನೇನು ಹೋಯ್ತು ಅಂತ ಪಟ್ಟಿ ಮಾಡಿದ್ರೆ ನಮ್ಮ ಮನೆಯ ಚರಿತ್ರೆಯೇ ಆಗುತ್ತೆ. ಗದಗಿನ ಎಪಿಎಂಸಿಗೆ ಉಳ್ಳಾಗಡ್ಡಿಯ ಮಾದರಿ ಚೀಲ, ಹೆಸರು, ಕಡಲಿ. ಬಿತ್ತೋ ಹೊತ್ತಿನಲ್ಲಿ ಬೀಜ, ಗೊಬ್ಬರ. ಸುಟ್ಟುಹೋದ ಪಂಪ್ ಮೋಟರ್, ವರ್ಷಕ್ಕೆ ಒಂದು ಸಲವಾದ್ರೂ. ಅಕ್ಕನ ಮದುವೆಗೆ ಬೆಟಗೇರಿಯಿಂದ ಸೀರೆಗಳ ಗಂಟು. ನಾನು ಎಂಜಿನಿಯರಿಂಗ್ ಸೇರಿದಾಗ ಗಾದಿ, ಬಕೆಟ್ಟು, ಪುಸ್ತಕದ ಟ್ರಂಕು, ಅವ್ವ ಕಟ್ಟಿದ ಒಂದು ಡಬ್ಬಿ ಕಡಕ್ ರೊಟ್ಟಿ. ಒಂದು ಸಲ ಆಡು. ಆಡಿನ ವಾಸನೆ ಶ್ರಾವಣದಲ್ಲಿ ಬಂದದ್ದು ದೀಪಾವಳಿ ತನಕ ಇತ್ತು.

ಮತ್ತೆ 2014ರ ಒಂದು ರಾತ್ರಿ ಅಜ್ಜಿ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದಿತ್ತು, ಕೂಡಿಸೋಕೆ ಆಗ್ತಾ ಇರಲಿಲ್ಲ. ಅಪ್ಪ ಹಿಂದಿನ ಸೀಟು ಮಡಚಿದ, ಗಾದಿ ಹಾಸಿದ. ನಾಲ್ಕು ಜನ ಕೌದಿ ಸಮೇತ ಅಜ್ಜಿಯನ್ನ ಎತ್ತಿ ಹಿಂದಿನ ಬಾಗಿಲಿನಿಂದ ಒಳಗೆ ಜಾರಿಸಿದರು. ಅವ್ವ ಪಕ್ಕದಲ್ಲಿ ಮುದುಡಿ ಕೂತಳು. ಹುಬ್ಬಳ್ಳಿ ತನಕ ಅಪ್ಪ ನಲವತ್ತರ ಮೇಲೆ ಮುಳ್ಳು ಏರಲು ಬಿಡಲಿಲ್ಲ. ಇಂಡಿಗೋ ಜಾತಿಯ ಗಾಡಿಗಳಿಗೆ ಹಿಂದಿನ ಎರಡೂ ಗಾಲಿಗೆ ಸ್ವತಂತ್ರ ಸಸ್ಪೆನ್ಷನ್ ಇದೆ, ಒಂದು ಗಾಲಿ ತಗ್ಗಿಗೆ ಬಿದ್ದರೆ ಇನ್ನೊಂದನ್ನ ಎಳೆಯೋದಿಲ್ಲ. ಆ ಬೆಲೆಯಲ್ಲಿ ಅದು ದೊಡ್ಡ ಸಂಗತಿ ಅಂತ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಆ ರಾತ್ರಿಯೇ ಗೊತ್ತಾಗಿತ್ತು. ಆಮೇಲೆ ನಾಲ್ಕು ವರ್ಷ ಬದುಕಿದ್ದಳು, ಆ ಗಾಡಿಗೆ "ನನ್ನ ಹೊರಸು" ಅಂತಲೇ ಅನ್ನುತ್ತಿದ್ದಳು.

ಓಡಿಸೋದು ಹೇಗೆ ಅಂತ ಕೇಳ್ತೀರಾ? ಇದು ಹಳೇ ಪದ್ಧತಿಯ ಡೀಸೆಲ್. ಇಂಧನ ನೇರವಾಗಿ ಸಿಲಿಂಡರಿಗೆ ಹೋಗೋದಿಲ್ಲ, ಪಕ್ಕದ ಚಿಕ್ಕ ಕೋಣೆಯೊಂದರಲ್ಲಿ ಮೊದಲು ಹೊತ್ತಿಕೊಳ್ಳುತ್ತೆ. ಹಾಗಾಗಿ ಚಳಿಗಾಲದ ಬೆಳಗ್ಗೆ ಕೀಲಿ ಅರ್ಧ ತಿರುಗಿಸಿ, ಹೀಟರಿನ ದೀಪ ಆರೋ ತನಕ ಕಾಯಬೇಕು. ಅಪ್ಪ ಅಷ್ಟರಲ್ಲಿ ಒಮ್ಮೆ ಶಿವಾ ಅಂತಾನೆ. ಎರಡು ಸಾವಿರ ಸುತ್ತು ದಾಟಿದ ಮೇಲೆ ಟರ್ಬೊ ಎಚ್ಚರಾಗಿ ಎತ್ತು ಹುರುಪಿಗೆ ಬಂದಂಗೆ ಎಳೆಯುತ್ತೆ. ಲಕ್ಷ್ಮೇಶ್ವರದ ರಸ್ತೆಯಲ್ಲಿ ಮಾಗಡಿ ಕೆರೆ ದಾಟಿ ಹೋಗುವಾಗ, ಚಳಿಗಾಲದಲ್ಲಿ ಪಟ್ಟೆತಲೆಯ ಬಾತುಗಳು ಬಂದಿಳಿದಿರ್ತಾವಲ್ಲ, ಅಲ್ಲಿ ಎಪ್ಪತ್ತರಲ್ಲಿ ಆರಾಮಾಗಿ ತೇಲುತ್ತೆ. ನಾನು ಬಿಲ್ಲುಗಳನ್ನ ಕೂಡಿಸಿ ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟಿದೀನಿ: ಲೀಟರಿಗೆ 16ರ ಆಸುಪಾಸು. ಮಳೆ ಬಿದ್ದ ಮೇಲೆ ಎರಿ ಹೊಲದ ದಾರಿಗೆ ಮಾತ್ರ ಇಳಿಸಬಾರದು. ನಮ್ಮ ಕಪ್ಪು ಮಣ್ಣು ಗಾಲಿಗೆ ಮೆತ್ತಿಕೊಂಡ್ರೆ ಮರೀನಾ ಏನು, ಟ್ರ್ಯಾಕ್ಟರೂ ನಮಸ್ಕಾರ ಹಾಕುತ್ತೆ.

ಇಷ್ಟು ಉಪಯೋಗದ ಗಾಡಿ ಯಾಕೆ ಉಳೀಲಿಲ್ಲ? ಡಿಕ್ಕಿಯ ಮರ್ಯಾದೆ ಒಂದು ಕಾರಣ. ಇನ್ನೊಂದು ಕಾರಣಕ್ಕೆ ಅಳತೆಪಟ್ಟಿ ಬೇಕು. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳೀತು. ಸಣ್ಣದು ಅಂದ್ರೆ ಯಾವುದು? ಉದ್ದ ನಾಲ್ಕು ಮೀಟರಿನ ಒಳಗಿರಬೇಕು, ಪೆಟ್ರೋಲ್ ಆದ್ರೆ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ ಮೀರಬಾರದು. ನಮ್ಮ ಗಾಡಿ ನಾಲ್ಕು ಮೀಟರನ್ನ ಮೀರೋದು ಒಂದು ಗೇಣಿಗಿಂತ ಕಮ್ಮಿ! ಅಷ್ಟಕ್ಕೇ ದೊಡ್ಡವರ ಸಾಲಿಗೆ ಸೇರಿ ದೊಡ್ಡ ಸುಂಕ ಕಟ್ಟಬೇಕು. ಕಂಪನಿಯವರು 2008ರಲ್ಲಿ ಇಂಡಿಗೋದ ಡಿಕ್ಕಿ ಕತ್ತರಿಸಿ ಇಂಡಿಗೋ ಸಿಎಸ್ ಅಂತ ತಂದರು, ಉದ್ದ 3988 ಮಿಲಿಮೀಟರ್. ಅಲ್ಲಿಂದ ಮುಂದೆ ನಮ್ಮ ದೇಶದ ಸಣ್ಣ ಸೆಡಾನ್‌ಗಳಿಗೆಲ್ಲ ಮೊಂಡು ಬಾಲ. ಬೆನ್ನು ಉದ್ದ ಮಾಡೋದೇ ಉದ್ದೇಶವಾಗಿರೋ ಗಾಡಿಗೆ ಆ ಗೆರೆಯೊಳಗೆ ಜಾಗ ಎಲ್ಲಿ?

2017ರಲ್ಲಿ ಜಿಎಸ್‌ಟಿ ಬಂದಾಗಲೂ ಗೆರೆ ಅಲ್ಲೇ ಉಳೀತು. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರುಗಳಿಗೆ ಶೇ 18, ಆಚೆಯವಕ್ಕೆ ಶೇ 40. ಮರೀನಾದಂಥ ಗಾಡಿ ಇವತ್ತು ಹೊಸದಾಗಿ ಬಂದ್ರೆ ಆ ಅರ್ಧ ಗೇಣಿಗೆ ನಲವತ್ತರ ಸಾಲಿನಲ್ಲೇ ನಿಲ್ಲಬೇಕು. ಎಷ್ಟು ಹೊರುತ್ತೆ ಅಂತ ಅಳೆಯೋ ಕಾಲಮ್ಮೇ ಆ ಫಾರ್ಮ್‌ನಲ್ಲಿ ಇಲ್ಲ ನೋಡಿ.

ಈಗ ಮನೆಯ ಚರ್ಚೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತೆ. ನಮ್ಮದು ಮುಗಿದದ್ದು 2022ರ ಜೂನಿನಲ್ಲಿ. ಅದೇ ಏಪ್ರಿಲ್ 1ಕ್ಕೆ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಅಪ್ಪ ಗೊಣಗುತ್ತಲೇ ಕಟ್ಟಿದ. ಸಿಕ್ಕದ್ದು ಐದು ವರ್ಷ, ಅಂದ್ರೆ 2027ರ ಜೂನ್. ಎಂಜಿನ್ನಿನ ಸಾಮಾನಿಗೆ ತೊಂದರೆ ಇಲ್ಲ, ಊರೂರಿಗೂ ಇಂಡಿಕಾ ಟ್ಯಾಕ್ಸಿ ಓಡಿದ ನಾಡಿದು, ಗದಗಿನ ಮೇಸ್ತ್ರಿಗಳು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸ್ತಾರೆ. ಆದ್ರೆ ಆ ಇಂಡಿಕಾ ತಯಾರಿಕೆಯೇ 2018ರಲ್ಲಿ ನಿಂತಿದೆ. ಇನ್ನು ಹಿಂದಿನ ಬಾಗಿಲು, ಹಿಂದಿನ ಗಾಜು ಮರೀನಾದ್ದೇ ಆಗಬೇಕು, ಅದು ಒಡೆದ್ರೆ ಗುಜರಿ ಅಂಗಡಿ ಹುಡುಕಬೇಕು. ಏರ್‌ಬ್ಯಾಗ್ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೋದ ವರ್ಷದಿಂದ ಅವ್ವನ ಎರಡೂ ಮೊಣಕಾಲು ಹಿಡಿದಿವೆ. ಮರೀನಾದ ಸೀಟು ತಗ್ಗು. ಕೂತ್ರೆ ಏಳೋಕೆ ಒಬ್ಬರು ಕೈ ಕೊಡಬೇಕು. ಅವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಸಂತೆಗೆ "ನೀವ ಹೋಗಿಬರ್ರಿ", ಶಿರಹಟ್ಟಿ ಮಠಕ್ಕೆ "ಮುಂದಿನ ಸಲ ನೋಡೂಣು" ಅನ್ನೋಕೆ ಶುರು ಮಾಡಿದಳು, ಅಷ್ಟೇ. ಹೋದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲೋಕೂ ಹೊಲಕ್ಕೆ ಬರಲಿಲ್ಲ. ಬುಟ್ಟಿ ಕಟ್ಟಿ ಕಳಿಸಿ ಬಾಗಿಲಲ್ಲಿ ನಿಂತಿದ್ದಳು.

ದೀಪಾವಳಿಗೆ ಊರಿಗೆ ಹೋದಾಗ ರೆನೋ ಟ್ರೈಬರ್ ಟೆಸ್ಟ್ ಡ್ರೈವಿಗೆ ಹೇಳಿದೆ, ಶೋರೂಮಿನವರು ಗಾಡಿಯನ್ನ ಮನೆ ಬಾಗಿಲಿಗೇ ಕಳಿಸಿದರು. 2019ರಲ್ಲಿ ಬಂದ ಮಾದರಿ. ಯಾರೂ ಅದನ್ನ ವ್ಯಾಗನ್ ಅಂತ ಕರೆಯೋದಿಲ್ಲ, ಆದ್ರೆ ಗುಣ ಅದೇ. ಉದ್ದ 3990 ಮಿಲಿಮೀಟರ್, ಗೆರೆಗೆ ಸರಿಯಾಗಿ ಹತ್ತು ಮಿಲಿಮೀಟರ್ ಒಳಗೆ! ಗಾಲಿಗಳ ಅಂತರ 2636, ಮರೀನಾಕ್ಕಿಂತ 186 ಹೆಚ್ಚು. ಅಂದ್ರೆ ಮೂಗು ಬಾಲ ಸವರಿ ಹೊಟ್ಟೆ ದೊಡ್ಡದು ಮಾಡಿದಾರೆ. ಮೂರನೇ ಸಾಲಿನ ಎರಡು ಸೀಟು ಇದ್ದಾಗ ಹಿಂದೆ ಉಳಿಯೋದು 84 ಲೀಟರ್ ಜಾಗ, ಒಂದು ಕೈಚೀಲಕ್ಕೆ ಸಾಕು. ಆ ಎರಡನ್ನೂ ಕಿತ್ತು ಹೊರಗಿಟ್ಟರೆ 625 ಲೀಟರ್.

ಅಪ್ಪ ಕಿತ್ತೇ ಬಿಟ್ಟ. ಎರಡು ಸೀಟೂ ನಮ್ಮ ಕಟ್ಟೆ ಮೇಲೆ ಬಂದವು, ಓಣಿಯ ಇಬ್ಬರು ಮುದುಕರು ತಕ್ಷಣ ಅದರ ಮೇಲೆ ವಿರಾಜಮಾನರಾದರು. ಶೋರೂಮಿನ ಹುಡುಗ ಏನಾದ್ರೂ ಅನ್ನೋದರೊಳಗೆ ಅಪ್ಪ ಉಳ್ಳಾಗಡ್ಡಿ ಚೀಲ ತಂದು ಹಿಂದೆ ಇಟ್ಟ. ಒಂದು, ಎರಡು, ಮೂರು. ಬಾಗಿಲು ಹಾಕಿದ್ರೆ ಬಿತ್ತು. ಹುಡುಗನ ಮುಖ ಬಾಡಿತ್ತು ಪಾಪ, ಅವ್ವ ಚಹಾ ಕೊಟ್ಟಳು.

ಓಡಿಸಿದ್ದು ನಾನು. 999 ಸಿಸಿ, ಮೂರು ಸಿಲಿಂಡರಿನ ಪೆಟ್ರೋಲ್, 72 ಅಶ್ವಶಕ್ತಿ. ಕಾಗದದ ಮೇಲೆ ಮರೀನಾಕ್ಕಿಂತ ಶಕ್ತಿ ಹೆಚ್ಚು, ಆದ್ರೆ ಎಳೆತ ಬರೋದು 3500 ಸುತ್ತಿನ ಮೇಲೆ. ಚೀಲ, ನಾಲ್ಕು ಜನ ಹೇರಿಕೊಂಡು ಏರು ಬಂದಾಗ ಮೂರರಿಂದ ಎರಡಕ್ಕೆ ಇಳಿಸಿದೆ. ಡೀಸೆಲ್ ಎತ್ತಿನ ಥರ ಅಲ್ಲ, ಇದು ಕುದುರೆ ಮರಿ. ಖಾಲಿ ಇದ್ದಾಗ ಚುರುಕು, ಹೇರಿದಾಗ ಹುರಿದುಂಬಿಸಬೇಕು. ನೆಲದಿಂದ ಎತ್ತರ 182 ಮಿಲಿಮೀಟರ್, ಊರಿನ ಚಕ್ಕಡಿ ದಾರಿಯಲ್ಲಿ ತಳ ತಾಗಲಿಲ್ಲ. ಒಳಗೆ ಎಷ್ಟು ಸದ್ದಿಲ್ಲ ಅಂದ್ರೆ ಅಪ್ಪ ಎರಡು ಸಲ "ಚಾಲೂ ಐತೇನು?" ಅಂತ ಕೇಳಿದ.

ವಾಪಸ್ ಬಂದು ಮನೆ ಮುಂದೆ ನಿಲ್ಲಿಸಿದೆ. ನಾನು ಇಳಿದು ಸುತ್ತಿ ಬಂದು ಅವ್ವನಿಗೆ ಕೈ ಕೊಡೋ ಅಷ್ಟರಲ್ಲಿ ಅವ್ವ ಬಾಗಿಲು ತೆಗೆದು ಕಾಲು ಕೆಳಗಿಟ್ಟು ನಿಂತಾಗಿತ್ತು. ಸೀಟು ಎತ್ತರ ಇದೆಯಲ್ಲ, ಏಳೋದು ಬೇಕಾಗಲಿಲ್ಲ, ಜಾರಿದ್ರೆ ಸಾಕಾಯ್ತು. ಸೆರಗು ಸರಿ ಮಾಡ್ಕೊಂಡು ಅಪ್ಪನ ಕಡೆ ನೋಡಿ ಇಷ್ಟೇ ಅಂದಳು: "ಇದರಾಗಿಂದ ನಾನ ಇಳದ್ನಿ ನೋಡ್ರಿ."

ಅಪ್ಪ ಚೀಲ ಇಳಿಸುತ್ತಾ ಇದ್ದವನು ಒಂದು ಕ್ಷಣ ನಿಂತ. ಮೂರು ತಿಂಗಳಿಂದ ನಾನು ಹೇಳಿದ ಏರ್‌ಬ್ಯಾಗು, ನೋಂದಣಿ, ಜಿಎಸ್‌ಟಿ ಯಾವುದಕ್ಕೂ ಜಗ್ಗದವನು "ಯಾವಾಗ ಕೊಡ್ತೀರಪಾ ಗಾಡಿ?" ಅಂತ ಹುಡುಗನನ್ನ ಕೇಳಿದ.

ಬುಕ್ ಮಾಡಿದೀವಿ. ನೀವೂ ಊರಿನ ಮನೆಗೆ ಅಂತ ಕಾರು ನೋಡ್ತಾ ಇದ್ರೆ ನನ್ನದೊಂದು ಮಾತು: ಪೇಪರಿನಲ್ಲಿ ಬರೋ ಅಳತೆ ಓದಿ, ಖಂಡಿತ ಓದಿ, ಆಮೇಲೆ ಮನೆಯ ಅತಿ ಭಾರದ ಚೀಲವನ್ನೂ ಅತಿ ನೋಯುವ ಕಾಲನ್ನೂ ಅದರಲ್ಲಿ ಒಮ್ಮೆ ಹತ್ತಿಸಿ ಇಳಿಸಿ ನೋಡಿ. ಶೋರೂಮಿನವರು ಮುಖ ಬಾಡಿಸಿಕೊಂಡ್ರೆ ಒಂದು ಚಹಾ ಕೊಡಿ. ಮರೀನಾ ಏನಾಗುತ್ತೆ ಅಂತೀರಾ? ಅಪ್ಪನ ತೀರ್ಪು: 2027ರ ಜೂನ್ ತನಕ ಕಾಗದ ಐತಿ, ಅಲ್ಲೀತನ ಮೋಟರು, ಗೊಬ್ಬರ, ಆಡು ಎಲ್ಲಾ ಅದರಾಗ. ಹೊಸಾ ಗಾಡಿ ಹಿಂದ ಉಳ್ಳಾಗಡ್ಡಿ ಹೇರೂಹಂಗಿಲ್ಲ. ಮೊದಲನೇ ಸವಾರಿ ಎಳ್ಳಮಾವಾಸಿಗೆ ಹೊಲಕ್ಕ, ಚರಗದ ಬುಟ್ಟಿ ಅವ್ವನ ತೊಡೀ ಮ್ಯಾಲೆ.