ಶಾವಿಗೆ ಅಕ್ಷರದ ಗಿಟಾರು

ಕೂಕಟ್‌ಪಲ್ಲಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿಳಿದರೆ ಮುಂಬಯಿ ಹೆದ್ದಾರಿಯ ಗದ್ದಲ. "ಆಲ್ವಿನ್ ಕಾಲೊನಿ, ಆಲ್ವಿನ್ ಕಾಲೊನಿ" ಎಂದು ಆಟೋದವರು ಕೂಗುತ್ತಿರುತ್ತಾರೆ. ನಿಮ್ಮ ವಯಸ್ಸಿನವರಿಗೆ ಅದೊಂದು ಬಡಾವಣೆಯ ಹೆಸರಷ್ಟೆ. ನಮಗಾದರೋ ಅದು ಫ್ರಿಜ್ಜಿನ ಬಾಗಿಲ ಮೇಲೆ, ಕೈಗಡಿಯಾರದ ಮುಖದ ಮೇಲೆ ಕಾಣುತ್ತಿದ್ದ ಹೆಸರು. 1942ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಕಂಪನಿಯ ಫ್ರಿಜ್ ವಿಭಾಗ 1990ರ ದಶಕದಲ್ಲಿ ವೋಲ್ಟಾಸ್ ಪಾಲಾಯಿತು. ಕಂಪನಿ ಹೋಯಿತು, ಹೆಸರು ಮಾತ್ರ ಆಟೋದವರ ಬಾಯಲ್ಲಿ ಉಳಿಯಿತು.

ಕಳೆದ ಸಂಕ್ರಾಂತಿಗೆ ಎಳ್ಳು ಬೀರಲು ಅಲ್ಲಿರುವ ಅಕ್ಕನ ಮನೆಗೆ ಹೋದಾಗ, ಅವಳ ಮಗ ಮಂಚದ ಮೇಲೆ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಮಲಗಿಸಿಕೊಂಡು ಕುಳಿತಿದ್ದ. ಯಾರಿಂದಲೋ ಕೊಂಡದ್ದು, ಅದರ ತಲೆಯ ಮೇಲೆ ಯಾವ ಹೆಸರೂ ಇರಲಿಲ್ಲ. ಪಕ್ಕದಲ್ಲಿ ಒಂದು ಬಟ್ಟಲು ನೀರು, ಅದರಲ್ಲಿ ನೆನೆಸಿ ಅಂಟಿಸಬೇಕಾದ ಒಂದು ಚೀಟಿ. ಚೀಟಿಯಲ್ಲಿ "ಫೆಂಡರ್" ಎಂಬ ಬಳುಕುವ ಬರಹ.

"ಇದೇನೋ, ಶಾವಿಗೆ ಒತ್ತಿದ ಹಾಗಿದೆಯಲ್ಲ!" ಎಂದೆ.

"ಸರಿಯಾಗಿ ಹೇಳಿದಿರಿ ಚಿಕ್ಕಮ್ಮ, ಇದನ್ನು ಸ್ಪಾಗೆಟಿ ಲೋಗೊ ಅಂತಲೇ ಕರೆಯುತ್ತಾರೆ" ಎಂದು ಉತ್ಸಾಹದಿಂದ ಕಥೆ ಬಿಚ್ಚಿದ.

ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. 1950ರ ಸುಮಾರಿಗೆ ಅವರು ತಂದ ಗಿಟಾರುಗಳ ಮೇಲೆ ಈ ತೆಳುವಾದ ಅಕ್ಷರ ಇರುತ್ತಿತ್ತು. ಒಂದು ಮಾದರಿಗೆ "ಬ್ರಾಡ್‌ಕಾಸ್ಟರ್" ಎಂದು ಹೆಸರಿಟ್ಟರು. ಆ ಹೆಸರಿನ ಡ್ರಮ್ಮುಗಳು ತಮ್ಮಲ್ಲಿವೆ ಎಂದು ಗ್ರೆಚ್ ಕಂಪನಿ 1951ರಲ್ಲಿ ಆಕ್ಷೇಪಿಸಿತು. ಅಚ್ಚಾಗಿದ್ದ ಚೀಟಿಗಳನ್ನು ಎಸೆಯುವುದೇಕೆಂದು, ಮಾದರಿಯ ಹೆಸರನ್ನಷ್ಟೇ ಕತ್ತರಿಸಿ, "ಫೆಂಡರ್" ಎಂಬುದನ್ನು ಮಾತ್ರ ಅಂಟಿಸಿದರಂತೆ! ನಮ್ಮ ಕಡೆಯ ಗೃಹಿಣಿಯರ ಮಿತವ್ಯಯವೇ ಸರಿ. ಆಮೇಲೆ ಬಂದ ಹೆಸರು "ಟೆಲಿಕಾಸ್ಟರ್". ನಡುವಿನ ಆ ಹೆಸರಿಲ್ಲದ ಗಿಟಾರುಗಳನ್ನು ಸಂಗ್ರಾಹಕರು ಇಂದು "ನೋಕಾಸ್ಟರ್" ಎನ್ನುತ್ತಾರೆ. ಅವುಗಳಿಗೆ ಬಹಳ ಬೆಲೆ.

1960ರ ದಶಕದ ನಡುವೆ ಅಕ್ಷರ ದಪ್ಪವಾಗಿ ಬಂಗಾರದ ಬಣ್ಣ ತಾಳಿತು. 1965ರಲ್ಲಿ ಸಿಬಿಎಸ್ ಕಂಪನಿ 1 ಕೋಟಿ 30 ಲಕ್ಷ ಡಾಲರಿಗೆ ಫೆಂಡರನ್ನು ಕೊಂಡಿತು. ಆ ದಶಕ ಮುಗಿಯುವ ಹೊತ್ತಿಗೆ, ದೂರದಿಂದಲೂ ಎದ್ದು ಕಾಣುವ ದೊಡ್ಡ ಕಪ್ಪು ಅಕ್ಷರ ಬಂತು. ಅಕ್ಷರ ನೋಡಿ ಗಿಟಾರಿನ ವಯಸ್ಸನ್ನು ಅಂದಾಜು ಮಾಡಬಹುದು. ಲಿಯೋ ಮುಂದೆ ಬೇರೆ ಗಿಟಾರುಗಳನ್ನು ಮಾಡಿದರು. ಆದರೆ ಅವುಗಳ ತಲೆಯ ಮೇಲೆ "ಫೆಂಡರ್" ಇರಲಿಲ್ಲ. ಕಂಪನಿಯ ಜೊತೆಗೆ ಹೆಸರೂ ಮಾರಾಟವಾಗಿತ್ತು. 1991ರಲ್ಲಿ ಅವರು ತೀರಿಕೊಂಡರು.

"ಹಾಗಾದರೆ ನಿನ್ನ ಗಿಟಾರು ಯಾವ ಕಾಲದ್ದು?" ಎಂದೆ. ಹುಡುಗ ತಡವರಿಸಿದ. ಅದು ಫೆಂಡರ್ ಅಲ್ಲವೇ ಅಲ್ಲ. ಈ ಚೀಟಿ ಅಂಟಿಸಿ ಮಾರಿದರೆ ಹೆಚ್ಚು ಹಣ ಬರುತ್ತದೆ, ಅದರಲ್ಲಿ ಒಳ್ಳೆಯದನ್ನು ಕೊಳ್ಳಬಹುದೆಂದು ಅವನ ಲೆಕ್ಕ.

"ಬರೀ ಒಂದು ಸ್ಟಿಕ್ಕರ್, ಚಿಕ್ಕಮ್ಮ."

"ಬರೀ ಸ್ಟಿಕ್ಕರ್ ಆಗಿದ್ದರೆ ಇಷ್ಟು ಹೊತ್ತು ಅದರ ಕಥೆ ಹೇಳುತ್ತಿದ್ದೆಯಾ? ಹೆಸರು ಕಟ್ಟಿದವನಿಗೇ ಅದನ್ನು ಮತ್ತೆ ಬಳಸುವ ಹಕ್ಕು ಉಳಿಯಲಿಲ್ಲ ಅಂತೀಯ. ನಿನಗೆಲ್ಲಿಂದ ಬಂತೋ ಹಕ್ಕು? ಕೊಳ್ಳುವವನೂ ನಿನ್ನಂತೆಯೇ ದುಡ್ಡು ಕೂಡಿಟ್ಟ ಹುಡುಗನೇ ಇರಬಹುದಲ್ಲ."

ಅವನು ಮುಖ ಊದಿಸಿಕೊಂಡು ಎದ್ದುಹೋದ. ಹಬ್ಬದ ದಿನ ಯಾಕೆ ಬೈದೆನೋ ಎಂದು ನನಗೂ ಕಸಿವಿಸಿಯಾಯಿತು.

ತಿಂಗಳ ಮೇಲೆ ಅಕ್ಕ ಫೋನ್ ಮಾಡಿದಳು. ಹೆಸರಿಲ್ಲದೆಯೇ ಮಾರಿದನಂತೆ; ಅಂದುಕೊಂಡದ್ದರ ಅರ್ಧ ದುಡ್ಡೂ ಬರಲಿಲ್ಲವಂತೆ. ಹೊಸ ಗಿಟಾರಿಗೆ ಇನ್ನೂ ಕೂಡಿಡುತ್ತಿದ್ದಾನೆ. ಮಕ್ಕಳೇ, ಮುಂದಿನ ಸಲ ಹೋದಾಗ ನನ್ನ ಪಾಲಿನದೂ ಸ್ವಲ್ಪ ಅವನ ಕೈಗೆ ಹಾಕಿ ಬರಬೇಕೆಂದಿದ್ದೇನೆ.